ಮೃಗಾಲಯದ ಪ್ರಾಣಿಗಳ ಪಟ್ಟಿ: ನಾಲ್ಕು ಗುಂಪಿಗೆ ನಾಲ್ಕು ಲೆಕ್ಕ ಯಾಕೆ ಬಂತು?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಈ ಸಲ ಮಕ್ಕಳನ್ನು ಮೈಸೂರು ಝೂಗೆ ಕರೆದುಕೊಂಡು ಹೋದಾಗ ಸುಮ್ನೆ ನೋಡಿ ಬರೋದು ಬೇಡ, ಅಲ್ಲಿರುವ ಎಲ್ಲಾ ಪ್ರಾಣಿಗಳ ಪಟ್ಟಿ ಮಾಡಿ ಶಾಲೆಯ ಗೋಡೆಗೆ ಹಾಕೋಣ ಅಂದುಕೊಂಡೆವು. ನಾಲ್ಕು ಗುಂಪು ಮಾಡಿ ಬಿಟ್ಟೆ. ನಾಲ್ಕೂ ಗುಂಪು ಬೇರೆ ಬೇರೆ ಲೆಕ್ಕ ತಂದವು. ಕೆಲವು ಕಡೆ ಬೋರ್ಡ್ ಇದೆ, ಪ್ರಾಣಿ ಇಲ್ಲ. ಒಂದೇ ಪ್ರಾಣಿಗೆ ಮಕ್ಕಳು ಎರಡು ಹೆಸರು ಬರೆದಿದ್ದಾರೆ. ಮೃಗಾಲಯದ ವಾರ್ಷಿಕ ವರದಿ ತೆಗೆದು ನೋಡಿದರೆ ಅಲ್ಲಿ ಇನ್ನೊಂದೇ ಸಂಖ್ಯೆ. ಇದನ್ನು ಕೇಳಿದ ಪೋಷಕರೊಬ್ಬರು ‘ಸತ್ತದ್ದನ್ನು ಮುಚ್ಚಿಡ್ತಾರೆ, ಕೆಲವನ್ನು ಮಾರ್ತಾರೆ, ಲೆಕ್ಕ ಹೇಗೆ ಸಿಗುತ್ತೆ’ ಅಂದರು. ಮಕ್ಕಳು ಈಗ ಅದನ್ನೇ ಹೇಳುತ್ತಿದ್ದಾರೆ. ಸರಿಯಾದ ಪಟ್ಟಿ ಮಾಡುವುದು ಹೇಗೆ? ಬಿಳಿ ಹುಲಿಯನ್ನು ಬೇರೆ ಪ್ರಾಣಿ ಅಂತ ಸೇರಿಸಬೇಕಾ? ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಸಾಕಾ?

ಉತ್ತರ:

ಟೀಚರ್, ಮೊದಲಿಗೆ ಒಂದು ಮಾತು. ನಾಲ್ಕು ಗುಂಪಿಗೆ ಒಂದೇ ಲೆಕ್ಕ ಬಂದಿದ್ದರೆ ನನಗೆ ಅನುಮಾನ ಬರುತ್ತಿತ್ತು, ಒಬ್ಬರದ್ದನ್ನು ಇನ್ನೊಬ್ಬರು ನೋಡಿ ಬರೆದಿರಬೇಕು ಅಂತ. ನಿಮ್ಮ ಮಕ್ಕಳು ಕಂಡದ್ದನ್ನು ಬರೆದಿದ್ದಾರೆ. ಆ ನಾಲ್ಕು ಹಾಳೆಗಳನ್ನು ದಯವಿಟ್ಟು ಬಿಸಾಡಬೇಡಿ, ಮುಂದೆ ಅವೇ ಕೆಲಸಕ್ಕೆ ಬರುತ್ತವೆ.

ನಿಮ್ಮ ಆತಂಕ ಎರಡು ಥರದ್ದು ಅಂತ ನನಗೆ ಅನ್ನಿಸಿತು. ಒಂದು, ಲೆಕ್ಕ ತಾಳೆಯಾಗುತ್ತಿಲ್ಲ. ಇನ್ನೊಂದು, ತಾಳೆಯಾಗದ ಲೆಕ್ಕದಿಂದ ಮಕ್ಕಳ ಮನಸ್ಸಿನಲ್ಲಿ ಅಪನಂಬಿಕೆ ಹುಟ್ಟಿದೆ. ಎರಡನೆಯದು ನನಗೆ ಜಾಸ್ತಿ ಮುಖ್ಯ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ನಾನು ಬಹಳ ವರ್ಷ ಮೃಗಾಲಯದ ದಾಖಲೆ ಕೆಲಸ ಮಾಡಿದವನು, ಈ ಮಾತನ್ನು ಮಡಿಕೇರಿಯಲ್ಲೂ ಕೇಳಿದ್ದೇನೆ, ವಿರಾಜಪೇಟೆಯಲ್ಲೂ ಕೇಳಿದ್ದೇನೆ.

ಮಾರುತ್ತಾರೆ ಅನ್ನುವುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ ಅಡಿಯಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ಶುರುವಾಯಿತು. ಕಾಯ್ದೆಯ 38-ಐ ಕಲಮಿನ ಪ್ರಕಾರ ಯಾವ ಮೃಗಾಲಯವೂ ಈ ಪ್ರಾಧಿಕಾರದ ಮುಂಚಿತ ಒಪ್ಪಿಗೆ ಇಲ್ಲದೆ ಒಂದು ವನ್ಯಪ್ರಾಣಿಯನ್ನು ಕೊಡುವಂತೆಯೂ ಇಲ್ಲ, ತರುವಂತೆಯೂ ಇಲ್ಲ. ಮೃಗಾಲಯಗಳ ನಡುವೆ ನಡೆಯುವುದು ಹೆಚ್ಚಾಗಿ ವಿನಿಮಯ. ಇಲ್ಲಿ ಜಾಸ್ತಿಯಾದ ಒಂದು ಜೋಡಿ ಅಲ್ಲಿಗೆ, ಅಲ್ಲಿ ಜಾಸ್ತಿಯಾದದ್ದು ಇಲ್ಲಿಗೆ. ಮೈಸೂರಿಗೆ 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಚೀತಾಗಳು ಬಂದವು, 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಅನ್ನುವ ಎರಡು ಗೊರಿಲ್ಲಾ ಬಂದವು. ಇಂಥ ಪ್ರತಿ ಬರುವಿಕೆಗೂ ಹೋಗುವಿಕೆಗೂ ಕಡತ ಇರುತ್ತದೆ. ಹೋದ ವರ್ಷ ಕಂಡ ಪ್ರಾಣಿ ಈ ವರ್ಷ ಕಾಣದಿದ್ದರೆ ಅದು ಇನ್ಯಾವುದೋ ಊರಿನ ಮೃಗಾಲಯದಲ್ಲಿ ಇರಬಹುದು.

ಸಾವು ಮುಚ್ಚಿಡುತ್ತಾರೆ ಅನ್ನುವುದು. ಮೃಗಾಲಯದಲ್ಲಿ ಪ್ರಾಣಿ ಸಾಯುತ್ತದೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ವಯಸ್ಸಾಗಿ ಸಾಯುತ್ತದೆ, ಕಾಯಿಲೆಯಿಂದ ಸಾಯುತ್ತದೆ, ಜಗಳದಲ್ಲಿ ಸಾಯುತ್ತದೆ. ಸತ್ತರೆ ಮರಣೋತ್ತರ ಪರೀಕ್ಷೆ ಮಾಡಬೇಕು, ಕಾರಣ ಬರೆಯಬೇಕು, ವಾರ್ಷಿಕ ಪಟ್ಟಿಯಲ್ಲಿ ಸಾವಿಗೆಂದೇ ಒಂದು ಕಾಲಂ ಇದೆ. ನೀವು ತೆಗೆದು ನೋಡಿದ ವರದಿಯಲ್ಲೇ ಇರುತ್ತದೆ, ಮಕ್ಕಳಿಗೆ ಆ ಕಾಲಂ ತೋರಿಸಿ. 2017ರ ಜನವರಿಯಲ್ಲಿ ಹಕ್ಕಿಜ್ವರ ಬಂದು ಮೈಸೂರು ಝೂ ಸುಮಾರು ಒಂದು ತಿಂಗಳು ಬಾಗಿಲು ಹಾಕಿತ್ತು, ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಎಲ್ಲಾ ಕಾಲದಲ್ಲಿ, ಎಲ್ಲಾ ಮೃಗಾಲಯದಲ್ಲಿ, ಎಲ್ಲರೂ ಸರಿಯಾಗೇ ಬರೆದಿದ್ದಾರೆ ಅಂತ ನಾನು ಹೇಳುವುದಿಲ್ಲ. ಆದರೆ ಬೋರ್ಡಿನ ಹಿಂದೆ ಪ್ರಾಣಿ ಕಾಣಲಿಲ್ಲ ಅನ್ನುವ ಮಾತ್ರಕ್ಕೇ ಕಳ್ಳತನದ ಆರೋಪ ಮಾಡುವುದು ಅಲ್ಲಿ ಬೆಳಗ್ಗೆ ಆರಕ್ಕೆಲ್ಲ ಬಂದು ಸೊಪ್ಪು ಕತ್ತರಿಸುವ ಕೀಪರ್‌ಗಳಿಗೆ ಮಾಡುವ ಅನ್ಯಾಯ.

ಹಾಗಾದರೆ ಪ್ರಾಣಿ ಎಲ್ಲಿತ್ತು? ಹಲವು ಜಾಗಗಳಲ್ಲಿ ಇರಬಹುದು. ಆವರಣದ ಹಿಂಬದಿಯಲ್ಲಿ ರಾತ್ರಿ ಕೂಡಿ ಹಾಕುವ ಕೋಣೆ ಇರುತ್ತದೆ. ಮರಿ ಹಾಕಿದ ತಾಯಿ ಅಲ್ಲೇ ಇರುತ್ತದೆ, ಹೊರಗೆ ಬಿಡುವುದಿಲ್ಲ. ಹುಷಾರಿಲ್ಲದ್ದು ಆಸ್ಪತ್ರೆಯಲ್ಲಿ. ಹೊಸದಾಗಿ ಬಂದದ್ದು ಕ್ವಾರಂಟೈನ್‌ನಲ್ಲಿ, ಸಾಮಾನ್ಯವಾಗಿ ಒಂದು ತಿಂಗಳಾದರೂ. ಇನ್ನು ಕೂರ್ಗಳ್ಳಿ. ಮೈಸೂರು ಝೂ ನೋಡಿಕೊಳ್ಳುವ ಪುನರ್ವಸತಿ ಕೇಂದ್ರ ಅಲ್ಲಿದೆ, ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ನಮ್ಮ ದಕ್ಷಿಣ ಕೊಡಗಿನ ತೋಟಗಳಲ್ಲಿ ದನ ಹಿಡಿಯುತ್ತಿದ್ದ ಹುಲಿಗಳನ್ನು ಸೆರೆ ಹಿಡಿದು ಕಳಿಸಿದ್ದು ಅಲ್ಲಿಗೇ. ಕಾಡಿನಿಂದ ಬಂದ ಪ್ರಾಣಿ ಜನ ಕಂಡರೆ ಗೋಡೆಗೆ ಹಾಯುತ್ತದೆ, ಹಲ್ಲು ಮುರಿದುಕೊಳ್ಳುತ್ತದೆ. ಅದನ್ನು ಜನರ ಮುಂದೆ ಇಡದಿರುವುದೇ ಸರಿ. ಪೋಷಕರು ‘ಮುಚ್ಚಿಡ್ತಾರೆ’ ಅಂದದ್ದರಲ್ಲಿ ಇಷ್ಟು ನಿಜ ಇದೆ. ಕಾರಣ ಮಾತ್ರ ಅವರು ಅಂದುಕೊಂಡದ್ದಲ್ಲ.

ಈಗ ಲೆಕ್ಕದ ವಿಷಯಕ್ಕೆ ಬರೋಣ.

ವಾರ್ಷಿಕ ಪಟ್ಟಿ ಹೇಗೆ ತಯಾರಾಗುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಆರ್ಥಿಕ ವರ್ಷದ ಲೆಕ್ಕವೇ ಪ್ರಾಣಿಗಳಿಗೂ. ಏಪ್ರಿಲ್ 1ಕ್ಕೆ ಎಷ್ಟಿದ್ದವು, ಹುಟ್ಟಿದ್ದು ಎಷ್ಟು, ಹೊರಗಿನಿಂದ ಬಂದದ್ದು ಎಷ್ಟು, ಕೊಟ್ಟದ್ದು ಎಷ್ಟು, ಸತ್ತದ್ದು ಎಷ್ಟು, ಮಾರ್ಚ್ 31ಕ್ಕೆ ಉಳಿದದ್ದು ಎಷ್ಟು. ಅಷ್ಟೇ. ನೀವು ಡಿಸೆಂಬರ್‌ನಲ್ಲಿ ಪ್ರವಾಸ ಹೋಗಿದ್ದರೆ ನಿಮ್ಮ ಕೈಯಲ್ಲಿದ್ದ ವರದಿ ಎಂಟು ಒಂಬತ್ತು ತಿಂಗಳಾದರೂ ಹಳೆಯದು. ಅಷ್ಟರಲ್ಲಿ ಜಿಂಕೆ ಮರಿ ಹಾಕಿರುತ್ತದೆ, ಹಕ್ಕಿ ಮೊಟ್ಟೆ ಒಡೆದಿರುತ್ತದೆ, ಒಂದು ಲಾರಿ ಬೇರೆ ಊರಿಗೆ ಹೋಗಿರುತ್ತದೆ.

ಆ ಪಟ್ಟಿಯಲ್ಲಿ ಪ್ರತಿ ಪ್ರಾಣಿಯ ಮುಂದೆ ಗಂಡು, ಹೆಣ್ಣು, ಗೊತ್ತಿಲ್ಲ ಅಂತ ಮೂರು ಅಂಕಿ ಇರುತ್ತವೆ. 2.3.1 ಅಂತ ಚುಕ್ಕಿ ಹಾಕಿ ಬರೆಯುವ ರೂಢಿ. ಎರಡು ಗಂಡು, ಮೂರು ಹೆಣ್ಣು, ಒಂದು ಗೊತ್ತಿಲ್ಲ, ಒಟ್ಟು ಆರು. ಮಕ್ಕಳು ಇದನ್ನು ದಶಮಾಂಶ ಅಂದುಕೊಂಡು ಕಂಗಾಲಾಗುತ್ತಾರೆ, ಮೊದಲೇ ಹೇಳಿಕೊಡಿ. ‘ಗೊತ್ತಿಲ್ಲ’ ಅನ್ನುವ ಮೂರನೇ ಅಂಕಿ ಹಕ್ಕಿಗಳಲ್ಲಿ ತುಂಬಾ ದೊಡ್ಡದಿರುತ್ತದೆ. ಯಾಕೆಂದರೆ ಮಕಾವ್ ಥರದ ಗಿಳಿಗಳಲ್ಲಿ ಹೊರಗಿನಿಂದ ನೋಡಿ ಗಂಡೋ ಹೆಣ್ಣೋ ಹೇಳಲು ಬರುವುದಿಲ್ಲ, ಒಂದು ಗರಿ ಕಿತ್ತು ಡಿಎನ್ಎ ಪರೀಕ್ಷೆಗೆ ಕಳಿಸಬೇಕು.

ಒಂದೊಂದು ಪ್ರಾಣಿಯನ್ನೂ ಗುರುತಿಡುವುದು ಹೇಗೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಅಕ್ಕಿ ಕಾಳಿನಷ್ಟು ಸಣ್ಣ ಚಿಪ್ ಇರುತ್ತದೆ, ದಪ್ಪ ಸೂಜಿಯಲ್ಲಿ ಚರ್ಮದ ಕೆಳಗೆ ಹಾಕುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಪ್ರಾಣಿ ಎಲ್ಲಿದೆ ಅಂತ ಅದು ತೋರಿಸುವುದೂ ಇಲ್ಲ. ರೀಡರ್ ಅನ್ನು ಮೈಗೆ ಹತ್ತಿರ ತಂದಾಗ ಬೀಪ್ ಅಂದು 15 ಅಂಕಿಯ ಒಂದು ನಂಬರ್ ಪರದೆಯ ಮೇಲೆ ಬರುತ್ತದೆ. ಹುಲಿಗೆ ಅರಿವಳಿಕೆ ಕೊಟ್ಟು ಮಲಗಿಸಿದಾಗ ನೋಡಿದ್ದೇನೆ, ವೈದ್ಯರು ಹಲ್ಲು, ಉಗುರು ನೋಡುತ್ತಿರುತ್ತಾರೆ, ಪಕ್ಕದಲ್ಲಿ ಒಬ್ಬರು ರೀಡರ್ ಹಿಡಿದು ಕೂದಲಿನ ಮೇಲೆ ನಿಧಾನಕ್ಕೆ ಆಡಿಸುತ್ತಾರೆ. ಮೊದಲ ಸಲ ಸಿಗುವುದಿಲ್ಲ. ಚಿಪ್ ವರ್ಷಗಳು ಕಳೆದಂತೆ ಸ್ವಲ್ಪ ಸರಿದಿರುತ್ತದೆ. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ ಬರಬೇಕು. ಬೀಪ್ ಅಂದ ಕೂಡಲೇ ಒಬ್ಬರು ನಂಬರ್ ಜೋರಾಗಿ ಓದುತ್ತಾರೆ, ಇನ್ನೊಬ್ಬರು ಪುಸ್ತಕದಲ್ಲಿ ಟಿಕ್ ಹಾಕುತ್ತಾರೆ, ಆಮೇಲೆ ತಿರುಗಿ ಓದಿ ಖಚಿತ ಮಾಡಿಕೊಳ್ಳುತ್ತಾರೆ. ಲೆಕ್ಕ ಅಂದರೆ ಹೀಗೆ ಮಾಡುವ ಲೆಕ್ಕ.

ಆದರೆ ಜಿಂಕೆ ಹಿಂಡಿಗೆ ಹೀಗೆ ಮಾಡಲಾಗುವುದಿಲ್ಲ. ಹಿಡಿಯಲು ಹೋದರೆ ಗಾಬರಿಗೇ ಸಾಯುತ್ತವೆ. ಕೀಪರ್ ಬೆಳಗ್ಗೆ ಮೇವು ಹಾಕುವಾಗ ಎಣಿಸುತ್ತಾನೆ, ಡೈಲಿ ರಿಪೋರ್ಟ್‌ನಲ್ಲಿ ಬರೆಯುತ್ತಾನೆ. ಹುಲ್ಲಿನಲ್ಲಿ ಮಲಗಿಸಿಟ್ಟ ಮರಿ ಆ ದಿನ ಕಾಣದೇ ಇರಬಹುದು, ನಾಳೆ ಕಾಣುತ್ತದೆ. ದೊಡ್ಡ ಪಕ್ಷಿಮನೆಗಳಲ್ಲೂ ಇದೇ ಕಥೆ. ಹಾಗಾಗಿ ನಿಮ್ಮ ಒಂದು ಗುಂಪಿಗೆ ಕಂಡ ಜಿಂಕೆಗಳ ಸಂಖ್ಯೆ ಇನ್ನೊಂದು ಗುಂಪಿಗೆ ಕಾಣದಿದ್ದರೆ ಯಾರದ್ದೂ ತಪ್ಪಿಲ್ಲ.

ಇನ್ನೊಂದು ಗಮ್ಮತ್ತಿನ ವಿಷಯ. ಮೃಗಾಲಯದ ಒಳಗೆ ಕಾಣುವುದೆಲ್ಲಾ ಮೃಗಾಲಯದ್ದಲ್ಲ. ಪಕ್ಕದಲ್ಲೇ ಕಾರಂಜಿ ಕೆರೆ ಇದೆಯಲ್ವಾ, ಅಲ್ಲಿಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ತಾವಾಗೇ ಬರುತ್ತವೆ. ಝೂ ಒಳಗಿನ ಮರಗಳ ಮೇಲೂ ಹಾರಿ ಬಂದು ಕೂರುತ್ತವೆ. ಅಳಿಲು, ಕಾಗೆ, ಬಾವಲಿ, ಮರದ ಮೇಲಿನ ಕೋತಿ, ಇವು ಯಾವುವೂ ದಾಖಲೆಯಲ್ಲಿ ಇರುವುದಿಲ್ಲ. ನಿಮ್ಮ ನಾಲ್ಕು ಹಾಳೆಗಳಲ್ಲಿ ಯಾವುದರಲ್ಲೋ ಒಂದರಲ್ಲಿ ಇವು ಸೇರಿಕೊಂಡಿರುತ್ತವೆ, ನೋಡಿ. ಸೇರಿದ್ದರೆ ಅಳಿಸಬೇಡಿ, ‘ಸ್ವತಂತ್ರವಾಗಿ ಬಂದವು’ ಅಂತ ಬೇರೆ ಮಾಡಿ.

ಇನ್ನು ಹೆಸರು. ಪಟ್ಟಿ ಹಾಳಾಗುವುದು ಹೆಚ್ಚಾಗಿ ಇಲ್ಲೇ.

ನಮ್ಮ ಕೊಡಗಿನ ಮಕ್ಕಳಿಗೆ ಈ ತೊಂದರೆ ಬೇರೆ ಕಡೆಯ ಮಕ್ಕಳಿಗಿಂತ ಜಾಸ್ತಿ. ಮನೆಯಲ್ಲಿ ಕೊಡವ ತಕ್ಕ್ ಮಾತಾಡುವ ಮಗು ‘ನರಿ’ ಅಂದರೆ ಅದು ಹುಲಿ, ಪಕ್ಕದಲ್ಲಿ ಕೂತ ಕನ್ನಡ ಮನೆಮಾತಿನ ಮಗು ‘ನರಿ’ ಅಂದರೆ ಅದು ನರಿಯೇ. ಒಬ್ಬರು ಕಾಟಿ ಅಂತ ಬರೆಯುತ್ತಾರೆ, ಇನ್ನೊಬ್ಬರು ಕಾಡುಕೋಣ, ಮತ್ತೊಬ್ಬರು ಕಾಡೆಮ್ಮೆ. ಮೂರೂ ಒಂದೇ ಪ್ರಾಣಿ, ವೈಜ್ಞಾನಿಕ ಹೆಸರು ಬಾಸ್ ಗಾರಸ್. ಲೆಕ್ಕಕ್ಕೆ ಕೂತಾಗ ಒಂದು ಪ್ರಾಣಿ ಮೂರಾಗಿಬಿಡುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಪುನುಗು ಬೆಕ್ಕು ಅಂತ ನಾವು ಕರೆಯುವುದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದ ಸೇರಿಹೋಗಿವೆ, ಅಲ್ಲಿ ಎರಡು ಪ್ರಾಣಿ ಒಂದಾಗಿಬಿಡುತ್ತದೆ. ಅದಕ್ಕೇ ವೈಜ್ಞಾನಿಕ ಹೆಸರಿನ ಒಂದು ಕಾಲಂ ಇಡಲೇಬೇಕು. ಮಕ್ಕಳು ಬಾಯಿಪಾಠ ಮಾಡಬೇಕಿಲ್ಲ, ಬೋರ್ಡಿನಿಂದ ನಕಲು ಮಾಡಿಕೊಂಡರೆ ಸಾಕು. ಮನೆಮಾತಿನ ಹೆಸರನ್ನು ಬಿಡಬೇಡಿ, ಅದಕ್ಕೂ ಒಂದು ಕಾಲಂ ಕೊಡಿ. ಅಜ್ಜಿ ತಾತನನ್ನು ಕೇಳಿ ತುಂಬಿಸಲಿ. ಮೃಗಾಲಯದ ದಾಖಲೆಯಲ್ಲಿ ಇಲ್ಲದ ಒಂದು ವಿಷಯ ನಿಮ್ಮ ಪಟ್ಟಿಯಲ್ಲಿ ಇರುತ್ತದೆ.

ಬಿಳಿ ಹುಲಿ ಬೇರೆ ಪ್ರಾಣಿಯಲ್ಲ. ಪ್ಯಾಂಥೆರಾ ಟೈಗ್ರಿಸ್, ಅಂದರೆ ಹುಲಿಯೇ. ತಂದೆ ತಾಯಿ ಇಬ್ಬರಿಂದಲೂ ಒಂದು ಅಪರೂಪದ ಜೀನ್ ಬಂದಾಗ ಮಾತ್ರ ಈ ಬಣ್ಣ ಬರುತ್ತದೆ. 1951ರಲ್ಲಿ ಈಗಿನ ಮಧ್ಯಪ್ರದೇಶದ ರೇವಾ ಕಡೆ ಒಂದು ಗಂಡು ಮರಿ ಸಿಕ್ಕಿತ್ತು, ಮೋಹನ್ ಅಂತ ಹೆಸರಿಟ್ಟರು. ಅದರ ಸಂತತಿಯನ್ನೇ ಒಳಗೊಳಗೇ ಕೂಡಿಸಿ ಬೆಳೆಸಿದ್ದು. ಹಾಗೆ ಹತ್ತಿರದ ನೆಂಟರಲ್ಲೇ ಮರಿ ಮಾಡಿಸಿದ್ದರಿಂದ ಕಣ್ಣಿನ, ಕಾಲಿನ ತೊಂದರೆಗಳೂ ಬಂದವು. ನಿಮ್ಮ ಪಟ್ಟಿಯಲ್ಲಿ ‘ಹುಲಿ’ ಒಂದೇ ಸಾಲು, ಅದರ ಕೆಳಗೆ ‘ಬಿಳಿ ಬಣ್ಣದ್ದೂ ಇದೆ’ ಅಂತ ಟಿಪ್ಪಣಿ. ಆದರೆ ಅಧಿಕೃತ ಪಟ್ಟಿಗಳಲ್ಲಿ ಬಿಳಿ ಹುಲಿಗೆ ಬೇರೆ ಸಾಲು ಕಂಡರೆ ಆಶ್ಚರ್ಯ ಬೇಡ, ಸಾಕಣೆಯ ಅನುಕೂಲಕ್ಕೆ ಹಾಗೆ ಬರೆಯುತ್ತಾರೆ. ಸಾಲು ಎಣಿಸಿ ಪ್ರಭೇದ ಎಷ್ಟು ಅಂತ ಹೇಳುವವರು ಎಡವುವುದು ಇಲ್ಲೇ. ಕರಿ ಚಿರತೆಯೂ ಹಾಗೇ, ಚಿರತೆಯೇ, ಮೈಬಣ್ಣ ಕಪ್ಪು ಅಷ್ಟೇ. ಕಬಿನಿ ಕಡೆ ಕಾಣುವ ಕರಿ ಚಿರತೆಯ ಫೋಟೊ ನಿಮ್ಮ ಮಕ್ಕಳು ಮೊಬೈಲ್‌ನಲ್ಲಿ ನೋಡಿಯೇ ಇರುತ್ತಾರೆ, ಬಿಸಿಲಿನಲ್ಲಿ ಅದರ ಮೈಮೇಲೆ ಚುಕ್ಕೆ ಕಾಣುತ್ತದೆ, ದೊಡ್ಡದು ಮಾಡಿ ತೋರಿಸಿ.

ಹೆಸರುಗಳು ಬದಲಾಗುತ್ತಲೂ ಇರುತ್ತವೆ. ಜಿರಾಫೆ ಇಷ್ಟು ಕಾಲ ಒಂದೇ ಪ್ರಭೇದ ಅಂತ ಇತ್ತು. 2025ರ ಆಗಸ್ಟ್‌ನಲ್ಲಿ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಅದನ್ನು ನಾಲ್ಕು ಪ್ರಭೇದ ಅಂತ ಒಪ್ಪಿತು. ನಮ್ಮ ಮುಸುವ, ಮೊದಲು ದೇಶಕ್ಕೆಲ್ಲ ಒಂದೇ ಹೆಸರು ಇತ್ತು, ಈಗ ಉತ್ತರದ್ದು ಬೇರೆ, ನಮ್ಮ ಘಟ್ಟದ ಕಪ್ಪು ಪಾದದ್ದು ಬೇರೆ. ಹುಲಿಯದ್ದು ತಿರುಗುಮುರುಗು, ಮೊದಲು ಹಲವು ಉಪಪ್ರಭೇದ ಇದ್ದದ್ದನ್ನು 2017ರಲ್ಲಿ ತಜ್ಞರ ಗುಂಪೊಂದು ಎರಡಕ್ಕೆ ಇಳಿಸಿತು. ಬೋರ್ಡ್ ಬರೆಸಿದ ವರ್ಷ ಯಾವುದೋ, ವರದಿ ಬರೆದ ವರ್ಷ ಯಾವುದೋ. ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಿಗಳನ್ನು ಹಂಚಿ ಹಾಕಿದ ಪಟ್ಟಿಗಳೂ, ಅಂದರೆ ಷೆಡ್ಯೂಲ್‌ಗಳೂ ಬದಲಾಗಿವೆ. ಮೊದಲು ಆರು ಷೆಡ್ಯೂಲ್ ಇದ್ದವು, 2023ರ ಏಪ್ರಿಲ್ 1ರಿಂದ ನಾಲ್ಕು. ಹಳೇ ಬೋರ್ಡಿನಲ್ಲಿ ಷೆಡ್ಯೂಲ್ ನಂಬರ್ ಇದ್ದರೆ ಅದನ್ನು ನಕಲು ಮಾಡಬೇಡಿ.

ಸರಿ, ಈಗ ಏನು ಮಾಡಬಹುದು?

ವಾರ್ಷಿಕ ವರದಿಯನ್ನೇ ನಕಲು ಮಾಡಿ ಗೋಡೆಗೆ ಹಾಕಬಹುದು. ಸುಲಭ, ತಪ್ಪು ಕಡಿಮೆ. ಆದರೆ ಮಕ್ಕಳ ಕೆಲಸ ಅದರಲ್ಲಿ ಏನೂ ಉಳಿಯುವುದಿಲ್ಲ, ಮತ್ತೆ ಅದು ಹಳೇ ಲೆಕ್ಕ. ಬೋರ್ಡ್ ನೋಡಿ ಬರೆದದ್ದನ್ನೇ ಹಾಕಬಹುದು. ಅದರಲ್ಲಿ ಪ್ರಾಣಿ ಹೋದ ಮೇಲೂ ಉಳಿದ ಬೋರ್ಡ್ ಸೇರುತ್ತದೆ, ಬೋರ್ಡ್ ಹಾಕದ ಹೊಸ ಪ್ರಾಣಿ ಬಿಟ್ಟುಹೋಗುತ್ತದೆ, ಎರಡು ಆವರಣದಲ್ಲಿರುವ ಒಂದೇ ಪ್ರಭೇದ ಎರಡು ಸಲ ಬರುತ್ತದೆ.

ಆ್ಯಪ್ ಬಗ್ಗೆ ಕೇಳಿದ್ದೀರಿ. ಫೋಟೊ ತೆಗೆದು ಹೆಸರು ಹುಡುಕಲು ಪರವಾಗಿಲ್ಲ, ಆದರೆ ಹೊರದೇಶದ ಗಿಳಿ, ಫೆಸೆಂಟ್‌ಗಳಲ್ಲಿ ಅದು ಹೇಳುವುದನ್ನು ಹಾಗೇ ನಂಬಬೇಡಿ. ಜನ ತಾವು ಕಂಡ ಪ್ರಾಣಿ, ಗಿಡಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್ ಥರದ ಜಾಲತಾಣಕ್ಕೆ ಹಾಕುವುದಾದರೆ ‘ಸಾಕಿದ ಪ್ರಾಣಿ’ ಅಂತ ಗುರುತು ಮಾಡುವ ಆಯ್ಕೆ ಇದೆ, ಅದನ್ನು ಖಂಡಿತ ಒತ್ತಿ. ಒತ್ತದಿದ್ದರೆ ಮೈಸೂರಿನಲ್ಲಿ ಕಾಡು ಮಕಾವ್ ಇದೆ ಅಂತ ನಕ್ಷೆಯಲ್ಲಿ ಕೂರುತ್ತದೆ, ಅದನ್ನು ನಂಬಿ ಯಾರೋ ವಿದ್ಯಾರ್ಥಿ ಲೆಕ್ಕ ಮಾಡುತ್ತಾನೆ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ. ಹಾಗೆಯೇ ಮಕ್ಕಳ ಮುಖ ಇರುವ ಫೋಟೊ ಹಾಕಬೇಡಿ.

ನನ್ನನ್ನು ಕೇಳಿದರೆ, ಒಂದೇ ಪಟ್ಟಿ ಮಾಡುವ ಹಟ ಬಿಡಿ. ‘ಇಟ್ಟಿರುವುದು’ ಅಂತ ಒಂದು, ‘ನಾವು ಕಂಡದ್ದು’ ಅಂತ ಇನ್ನೊಂದು. ಮೊದಲನೆಯದು ವರದಿಯಿಂದ, ಮೇಲೆ ಯಾವ ಮಾರ್ಚ್ 31ರ ಲೆಕ್ಕ ಅಂತ ದೊಡ್ಡದಾಗಿ ಬರೆಯಿರಿ. ಎರಡನೆಯದು ಮಕ್ಕಳ ಹಾಳೆಗಳಿಂದ, ಮೇಲೆ ನೀವು ಹೋದ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ. ತಾರೀಕು ಇಲ್ಲದ ಪ್ರಾಣಿ ಪಟ್ಟಿ ಯಾವ ಉಪಯೋಗಕ್ಕೂ ಬರುವುದಿಲ್ಲ, ಅದನ್ನು ಇಬ್ಬರು ನೋಡಿದರೆ ಇಬ್ಬರೂ ಜಗಳ ಆಡುತ್ತಾರೆ ಅಷ್ಟೇ. ಎರಡನ್ನೂ ಪಕ್ಕ ಪಕ್ಕ ಇಟ್ಟು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿಸಿ. ಆ ಗುರುತು ಬಿದ್ದ ಹೆಸರುಗಳನ್ನು ಮಾತ್ರ ಒಂದು ಕಾಗದದಲ್ಲಿ ಬರೆದು ಝೂನ ಶಿಕ್ಷಣ ವಿಭಾಗಕ್ಕೆ ಕಳಿಸಿ, ಇವು ಈಗ ಎಲ್ಲಿವೆ ಅಂತ ಮಕ್ಕಳ ಕೈಯಲ್ಲೇ ಕೇಳಿಸಿ. ಶಾಲೆಯ ಲೆಟರ್‌ಹೆಡ್‌ನಲ್ಲಿ ವಿನಯವಾಗಿ ಕೇಳಿದರೆ ಹೆಚ್ಚಿನ ಕಡೆ ಉತ್ತರ ಕೊಡುತ್ತಾರೆ. ಮಾಹಿತಿ ಹಕ್ಕು ಅರ್ಜಿ ಹಾಕುವ ದಾರಿಯೂ ಇದೆ, ಆದರೆ ಅದರಿಂದ ಶುರು ಮಾಡಬೇಡಿ, ಸ್ನೇಹ ಕೆಡುತ್ತದೆ. ಬಂದ ಉತ್ತರವನ್ನು ಆ ಪೋಷಕರಿಗೂ ಓದಿ ಹೇಳಿ.

ಇನ್ನೊಂದು ಕಾಲಂ ಸೇರಿಸಿ ಅಂತ ನನ್ನ ಬೇಡಿಕೆ. ‘ನಮ್ಮ ಕೊಡಗಿನಲ್ಲಿ ಇದೆಯಾ?’ ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಇಟ್ಟುಕೊಂಡು ಕೂತ ಜಿಲ್ಲೆ ನಮ್ಮದು. ಕಾಟಿ, ಕಡವೆ, ಸೀಳುನಾಯಿ, ಕೆಂದಳಿಲನ್ನು ಝೂನಲ್ಲಿ ನೋಡುವ ಮೊದಲೇ ತೋಟದ ಅಂಚಿನಲ್ಲಿ ನೋಡಿದ ಮಕ್ಕಳು ನಿಮ್ಮ ತರಗತಿಯಲ್ಲಿ ಇದ್ದಾರೆ. ಸೀಳುನಾಯಿ ಐಯುಸಿಎನ್ ಪ್ರಕಾರ ಅಳಿವಿನಂಚಿನ ಪ್ರಾಣಿ, ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಜಿರಾಫೆ ಮುಂದೆ ಸಾಲುಗಟ್ಟಿ ನಿಲ್ಲುವ ಮಕ್ಕಳು ಸಿಂಗಳೀಕದ ಮುಂದೆ ಅರ್ಧ ನಿಮಿಷ ನಿಲ್ಲುವುದಿಲ್ಲ. ಈ ಕಾಲಂ ಇದ್ದರೆ ನಿಲ್ಲುತ್ತಾರೆ. ದುಬಾರೆ ಆನೆ ಶಿಬಿರವನ್ನು ಕೆಲವು ಮಕ್ಕಳು ಝೂ ಅಂದುಕೊಂಡಿರುತ್ತಾರೆ, ಅದು ಅರಣ್ಯ ಇಲಾಖೆಯ ಶಿಬಿರ, ಅದರ ಲೆಕ್ಕ ಇದರಲ್ಲಿ ಸೇರಿಸಬೇಡಿ.

ಗೋಡೆಗೆ ಹಾಕುವ ಮೊದಲು ಒಂದು ಎಚ್ಚರಿಕೆ. ಕೀಪರ್ ಪ್ರೀತಿಯಿಂದ ಹಿಂಬದಿ ಕೋಣೆಯ ವಿಷಯ, ಯಾವ ಆಮೆ ಎಲ್ಲಿದೆ ಅನ್ನುವ ವಿಷಯ ಹೇಳಿದ್ದರೆ ಅದನ್ನು ಬರೆಯಬೇಡಿ, ವಾಟ್ಸ್ಆ್ಯಪ್‌ಗಂತೂ ಹಾಕಲೇಬೇಡಿ. ನಕ್ಷತ್ರ ಆಮೆಯಂಥ ಸಣ್ಣ ಪ್ರಾಣಿಗಳಿಗೆ ಕಳ್ಳ ಮಾರುಕಟ್ಟೆ ಇದೆ. ಪ್ರಭೇದದ ಹೆಸರು ಸಾಕು.

ಎಲ್ಲಾ ಪ್ರಾಣಿಗಳನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆ ಅನ್ನುವುದನ್ನೂ ಬಿಡಿ. 157 ಎಕರೆ ಜಾಗ ಅದು. ಮಕ್ಕಳಿಗೆ ಕಾಲು ನೋವು ಶುರುವಾದ ಮೇಲೆ ಬರೆದ ಹಾಳೆ ನೋಡಿದರೇ ಗೊತ್ತಾಗುತ್ತದೆ, ಅಕ್ಷರ ದೊಡ್ಡದಾಗುತ್ತದೆ, ವೈಜ್ಞಾನಿಕ ಹೆಸರು ಬಿಟ್ಟುಹೋಗುತ್ತದೆ. ಮುಂದಿನ ಸಲ ಒಂದು ಗುಂಪಿಗೆ ಸಸ್ತನಿ, ಒಂದಕ್ಕೆ ಹಕ್ಕಿ, ಒಂದಕ್ಕೆ ಸರೀಸೃಪ ಹಂಚಿ. ನಾಲ್ಕನೇ ಗುಂಪು ಉಳಿದ ಮೂವರು ಬರೆದದ್ದನ್ನು ಅಲ್ಲಲ್ಲಿ ಹೋಗಿ ಪರೀಕ್ಷೆ ಮಾಡಲಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಹೋದರೆ ಪ್ರಾಣಿಗಳು ಓಡಾಡುತ್ತಿರುತ್ತವೆ, ಮಧ್ಯಾಹ್ನ ಅರ್ಧದಷ್ಟು ನೆರಳಲ್ಲಿ ಮಲಗಿರುತ್ತವೆ. ಸೋಮವಾರಪೇಟೆಯಿಂದ ಹೊರಡುವವರು ಬೆಳಕು ಹರಿಯುವ ಮೊದಲೇ ಬಸ್ ಹತ್ತಬೇಕು. ಮಂಗಳವಾರ ಇಟ್ಟುಕೊಳ್ಳಬೇಡಿ, ಅವತ್ತು ಝೂಗೆ ರಜೆ. ಪಟ್ಟಿ ತಯಾರಾದ ಮೇಲೆ ಒಂದು ಪ್ರತಿ ನನಗೂ ಕಳಿಸಿ, ವೈಜ್ಞಾನಿಕ ಹೆಸರಿನ ಕಾಲಂ ನೋಡಿ ತಿದ್ದಿ ಕೊಡುತ್ತೇನೆ.